ಅಮ್ಮನ ಸಹಿ

ಮಾರ್ಚ್ ೪

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತಿರಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಅಣ್ಣನ ಜೊತೆ ಏಳು ವರ್ಷ ಒಂದೇ ಮನೆಯಲ್ಲಿ ಇದ್ದವಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ನಿಮ್ಮ ವಿಳಾಸ ಅವರ ಡ್ರಾಯರಿನಲ್ಲಿದ್ದ ಹಳೆಯ ಲಕೋಟೆಯ ಮೇಲಿತ್ತು.

ಜನವರಿ ಹತ್ತೊಂಬತ್ತರಂದು ವಿಮಾನ ಬಿದ್ದ ಜಾಗದಲ್ಲಿ ಸಿಕ್ಕಿದ, ಯಾರದೆಂದು ತಿಳಿಯದ ವಸ್ತುಗಳನ್ನೆಲ್ಲ ಫೋಟೊ ತೆಗೆದು ಕಂಪನಿಯವರು ಒಂದು ದಪ್ಪ ಪುಸ್ತಕ ಮಾಡಿದ್ದಾರೆ. ಮೊನ್ನೆ ಅವರ ಕಚೇರಿಗೆ ಹೋಗಿ ಅದನ್ನು ನೋಡಿದೆ. ಒಂಟಿ ಶೂಗಳೇ ಮೂರು ಪುಟ. ಬೀಗದ ಕೈಗಳು, ಒಂದು ಮಗುವಿನ ಬಾಚಣಿಗೆ, ಅರ್ಧ ಸುಟ್ಟ ಪದಬಂಧದ ಪುಸ್ತಕ. ಪುಟ ಮಗುಚುವಾಗ ಆ ಹುಡುಗಿ, ಅಂದರೆ ಅಲ್ಲಿಯ ಗುಮಾಸ್ತೆ, ನನ್ನ ಮುಖ ನೋಡದ ಹಾಗೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಒಳ್ಳೆಯವಳು.

ಇನ್ನೂರ ಹನ್ನೆರಡನೆಯ ವಸ್ತು ಒಂದು ಕನ್ನಡಕ. ಒಂದು ಕಡ್ಡಿ ಇಲ್ಲ. ಬಲಗಾಜಿನ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಚಪ್ಪಟೆಯಾಗಿದೆ. ಉಜ್ಜುವ ಕಲ್ಲಿಗೆ ಗಾಜು ಕೊಡುವಾಗ ಕೈ ಜಾರಿ ಹಾಗಾಗಿದ್ದು. ಜಾರಿದ್ದು ನನ್ನ ಕೈ. ಬೇರೆ ಗಾಜು ಹಾಕಿಕೊಡುತ್ತೇನೆ ಎಂದರೆ ಅವರು ಒಪ್ಪಿರಲಿಲ್ಲ.

"ಅವರದೇ ಅಂತೀರಾ? ಹಾಗಾದ್ರೆ ಅರ್ಜಿ ತುಂಬಿ," ಎಂದಳು ಗುಮಾಸ್ತೆ. "ನೀವು ಅವರಿಗೆ ಏನಾಗ್ಬೇಕು?"

ಅರ್ಜಿಯಲ್ಲಿ ಪತ್ನಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು ಎಂದು ಅಚ್ಚಾಗಿತ್ತು. ನನ್ನ ಮೊದಲ ಮದುವೆಯ ವಿಚ್ಛೇದನದ ಕಡತ ಆರು ವರ್ಷದಿಂದ ಕೋರ್ಟಿನಲ್ಲಿ ಕೂತಿದೆ. ಆದ್ದರಿಂದ ನಾನು ನಿಮ್ಮ ಅಣ್ಣನಿಗೆ ಕಾಗದದ ಮೇಲೆ ಏನೂ ಆಗಬೇಕಾಗಿಲ್ಲ. ಪೆನ್ನು ಮುಚ್ಚಿ ವಾಪಸ್ ಕೊಟ್ಟೆ.

ನೀವು ಕೇಳಿದರೆ ಕೊಡುತ್ತಾರೆ. ಜೂನ್ ಮೂವತ್ತರ ನಂತರ ಯಾರೂ ಕೇಳದ ವಸ್ತುಗಳನ್ನು ನಾಶಮಾಡುತ್ತಾರಂತೆ. ದಯವಿಟ್ಟು ಒಂದು ಸಹಿ ಹಾಕಿ. ನನಗೆ ಬೇರೇನೂ ಬೇಡ.

ಇತಿ,
ಕನ್ನಡಕದಂಗಡಿಯವಳು


ಮಾರ್ಚ್ ೨೯

ಮೇಡಂ,

ನಿಮ್ಮ ಪತ್ರ ತಲುಪಿತು. ಇನ್ನು ಮುಂದೆ ಮನೆಗೆ ಬರೆಯಬೇಡಿ. ಬರೆಯಲೇಬೇಕೆಂದಿದ್ದರೆ ನಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿಗೆ ಬರೆಯಿರಿ, ವಿಳಾಸ ಲಕೋಟೆಯ ಹಿಂಭಾಗದಲ್ಲಿದೆ. ಫೋನಂತೂ ಬೇಡವೇ ಬೇಡ. ನಮ್ಮ ತಾಯಿ ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಮೊದಲ ರಿಂಗಿಗೇ ಎತ್ತಿಕೊಳ್ಳುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ.

ನೀವು ಯಾರೆಂದು ಗೊತ್ತು. ಅಣ್ಣ ಹೇಳಿದ್ದ. ಇವತ್ತಿಗೂ ನೀವು ಇನ್ನೊಬ್ಬರ ಹೆಂಡತಿ ಎಂಬುದೂ ಗೊತ್ತು.

ಕಂಪನಿಯ ಪರಿಹಾರದ ಕಾಗದಕ್ಕೆ ಫೆಬ್ರವರಿ ಆರರಂದೇ ಸಹಿಯಾಗಿದೆ. ನಮ್ಮ ಕಡೆಯಿಂದ ವಿಷಯ ಮುಗಿಯಿತು. ಒಂದು ಮುರುಕು ಕನ್ನಡಕಕ್ಕಾಗಿ ಮತ್ತೆ ಅವರ ಮೆಟ್ಟಿಲು ಹತ್ತುವುದು ನನ್ನಿಂದಾಗದು.

ಇತಿ,
ಅವನ ತಂಗಿ


ಏಪ್ರಿಲ್ ೫

ಮಾನ್ಯರೇ,

ಹದಿನೆಂಟು ದಿನಗಳಲ್ಲಿ ಸಹಿ! ಅಷ್ಟು ಅವಸರ ಏನಿತ್ತು?

ಇಲ್ಲಿ ಸತ್ತವರ ಮನೆಯವರೆಲ್ಲ ಸೇರಿ ಒಬ್ಬ ವಕೀಲಮ್ಮನನ್ನು ಹಿಡಿದಿದ್ದಾರೆ. ಪ್ರತಿ ಶನಿವಾರ ಒಂದು ಶಾಲೆಯ ತರಗತಿಯಲ್ಲಿ ಸಭೆ. ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತೇವೆ. ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಿದ್ದಾರೆ. ವಕೀಲಮ್ಮ ಹೇಳುವುದಿಷ್ಟು: ತುರ್ತು ಸಹಾಯವೆಂದು ಕಂಪನಿ ಮೊದಲು ಕೊಡುವುದನ್ನು ತೆಗೆದುಕೊಂಡರೆ ಯಾವ ಹಕ್ಕೂ ಹೋಗುವುದಿಲ್ಲ. ಅಪಘಾತ ಹೇಗಾಯಿತೆಂದು ತಿಳಿಯುವ ಹಕ್ಕು ಮನೆಯವರಿಗಿದೆ. ವಿಚಾರಣೆಯಲ್ಲಿ ಕೂತು ಪ್ರಶ್ನೆ ಕೇಳಬಹುದು. ವರದಿ ಪತ್ರಿಕೆಗಳಿಗಿಂತ ಮೊದಲು ಮನೆಯವರ ಕೈಗೆ ಬರಬೇಕು. ಎರಡು ವರ್ಷದೊಳಗೆ ದಾವೆ ಹೂಡಬಹುದು. ಆದರೆ "ಇನ್ನು ಏನನ್ನೂ ಕೇಳುವುದಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿದವರು ಇದೆಲ್ಲದರಿಂದ ಎದ್ದು ಹೊರಗೆ ಹೋದ ಹಾಗೆ.

ನಿಮಗೆ ಇದೆಲ್ಲ ಬೇಡವಾಗಿರಬಹುದು. ಬಂದದ್ದು ಸಾಕೆನಿಸಿರಬಹುದು. ನಿಮ್ಮ ಮನೆಯ ಕಷ್ಟ ನನಗೇನು ಗೊತ್ತು. ಆದರೆ ನಿಮ್ಮ ಅಣ್ಣ ಸೇತುವೆಗಳ ಕೆಳಗೆ ಹಗ್ಗದಲ್ಲಿ ನೇತಾಡಿಕೊಂಡು ಒಂದೊಂದೇ ಬೋಲ್ಟನ್ನು ಬಡಿದು ನೋಡಿ, ಸದ್ದು ಸರಿಯಿಲ್ಲವೆಂದರೆ ಸೇತುವೆಯನ್ನೇ ಮುಚ್ಚಿಸುತ್ತಿದ್ದ ಮನುಷ್ಯ. ಅಂಥವರು ಹೇಗೆ ಸತ್ತರೆಂದು ಕೇಳದೆ ಬಿಟ್ಟಿರಲ್ಲ.

ಗುರುತು ಹಿಡಿಯಲು ನಿಮ್ಮ ರಕ್ತ ತೆಗೆದುಕೊಂಡರು. ನನ್ನಿಂದ ಅವರ ಹಲ್ಲುಜ್ಜುವ ಬ್ರಷ್ಷನ್ನು ಮಾತ್ರ. ಶವದ ಪೆಟ್ಟಿಗೆ ನಿಮ್ಮ ಊರಿಗೆ ಹೋಯಿತೆಂದು ಪತ್ರಿಕೆಯ ಪಟ್ಟಿ ನೋಡಿ ತಿಳಿದುಕೊಂಡೆ. ಎಲ್ಲಿ ಮಣ್ಣು ಮಾಡಿದಿರಿ? ಜಾಗ ಹೇಳಿ. ಬರುವುದಿಲ್ಲ. ತಿಳಿದುಕೊಂಡಿರುತ್ತೇನೆ, ಅಷ್ಟೆ.

ಇತಿ,
ಕನ್ನಡಕದಂಗಡಿಯವಳು


ಜೂನ್ ೨೧

ಮೇಡಂ,

ಇದರ ಜೊತೆಗಿರುವ ಡಬ್ಬಿಯಲ್ಲಿ ಇನ್ನೂರ ಹನ್ನೆರಡನೆಯ ವಸ್ತುವಿದೆ. ಲ್ಯಾಬಿಗೆ ರಜೆ ಹಾಕಿ ನಾನೇ ಹೋಗಿ ತಂದೆ. ನಾನು ಅದನ್ನು ಹೊರಗೆ ತೆಗೆದು ನೋಡಿಲ್ಲ.

ನಿಮ್ಮ ಕಾಗದಕ್ಕೆ ಎರಡೂವರೆ ತಿಂಗಳು ಉತ್ತರ ಬರೆಯಲಿಲ್ಲ. ಬಂದದ್ದು ಸಾಕೆನಿಸಿರಬಹುದು ಎಂದಿದ್ದಿರಿ. ಆ ಚೆಕ್ಕು ಇನ್ನೂ ನನ್ನ ಕೈಚೀಲದಲ್ಲೇ ಇದೆ, ಬ್ಯಾಂಕಿಗೆ ಹಾಕಿಲ್ಲ. ಹಾಕಿದರೆ ಪಾಸ್‌ಬುಕ್ಕಿನಲ್ಲಿ ಬರುತ್ತದೆ. ಪಾಸ್‌ಬುಕ್ಕನ್ನು ಅಮ್ಮ ಪಕ್ಕದ ಮನೆಯವರಿಂದ ಓದಿಸಿಕೊಳ್ಳುತ್ತಾರೆ.

ಅಮ್ಮನಿಗೆ ಗೊತ್ತಿಲ್ಲ.

ಅಮ್ಮನ ಹೃದಯದ ಆಪರೇಷನ್ ಜನವರಿ ಇಪ್ಪತ್ತೆರಡಕ್ಕೆ ಇತ್ತು. ಹತ್ತೊಂಬತ್ತಕ್ಕೆ ವಿಮಾನ ಬಿತ್ತು. ಡಾಕ್ಟರನ್ನು ಕೇಳಿದರೆ, "ಈಗ ಹೇಳಿದ್ರೆ ಟೇಬಲ್ ಮೇಲೆ ಏನಾಗುತ್ತೋ ನಾನು ಹೇಳಲಾರೆ. ಮೂರು ತಿಂಗಳು ತಡೀರಿ," ಎಂದರು. ಅಣ್ಣ ಬರುತ್ತಿರುವುದೂ ಅಮ್ಮನಿಗೆ ಗೊತ್ತಿರಲಿಲ್ಲ. ಎಲ್ಲೋ ಕಾಡುಹೊಳೆಯ ಸೇತುವೆ ಕೆಲಸ, ಫೋನ್ ಸಿಗುವುದಿಲ್ಲ ಎಂದೆ. ನಂಬಿದರು, ಅವನು ಯಾವಾಗಲೂ ಹಾಗೆಯೇ ತಾನೇ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಮಣ್ಣು ಮಾಡಿ ಬಂದೆ. ಅವನ ಆಫೀಸಿನ ಇಬ್ಬರು, ನಾನು. ಕೈ ತೊಳೆದುಕೊಂಡು ಸೀದಾ ವಾರ್ಡಿಗೆ ಹೋಗಿ ಅಮ್ಮನಿಗೆ ಗಂಜಿ ಕುಡಿಸಿದೆ.

ಮೂರು ತಿಂಗಳಾಯಿತು, ಐದಾಯಿತು. ಹೇಳಲು ಬಾಯಿ ಬರುತ್ತಿಲ್ಲ. ನನ್ನ ಫೋನಿನಲ್ಲಿ ಅಣ್ಣ ಹಿಂದೆಂದೋ ಅಮ್ಮನಿಗೆಂದು ಕಳಿಸಿದ್ದ ಮೂರು ಧ್ವನಿ ಸಂದೇಶಗಳಿವೆ. "ಅಮ್ಮಾ, ಸೇತುವೆ ಕೆಳಗಿದೀನಿ, ಗಾಳಿ ಜಾಸ್ತಿ, ಆಮೇಲೆ ಮಾಡ್ತೀನಿ, ಮಾತ್ರೆ ತಗೋ." ಇಂಥವೇ. ಮೂರು ನಾಲ್ಕು ವಾರಕ್ಕೊಮ್ಮೆ ಒಂದನ್ನು ಹಾಕಿ, ಈಗತಾನೇ ಬಂತು ಎಂದು ಕೇಳಿಸುತ್ತೇನೆ. ಅಮ್ಮ ಫೋನನ್ನು ಕಿವಿಗೊತ್ತಿಕೊಂಡು ನಗುತ್ತಾರೆ. ನಮ್ಮ ಮನೆಯಲ್ಲಿ ಅವನು ಇನ್ನೂ ಬದುಕಿದ್ದಾನೆ. ಅಡುಗೆಮನೆಯಲ್ಲಿ ನಾನು ಒಬ್ಬಳೇ ಇರುವಾಗ ಅವನ ಧ್ವನಿ ಕೇಳಿಸಿ ತಿರುಗಿ ನೋಡುತ್ತೇನೆ. ಆಗ ಫೋನು ಮುಟ್ಟಿಯೇ ಇರುವುದಿಲ್ಲ.

ಪೇಟೆಯ ಉತ್ತರಕ್ಕಿರುವ ಸ್ಮಶಾನ, ಹನ್ನೊಂದನೇ ಸಾಲು, ನೀರಿನ ನಲ್ಲಿಯ ಪಕ್ಕ. ಕಲ್ಲು ಹಾಕಿಸಿಲ್ಲ. ಹೆಸರು ಕೆತ್ತಿಸಿದರೆ ಯಾರಾದರೂ ಓದಿ ಅಮ್ಮನಿಗೆ ಹೇಳಿಬಿಡುತ್ತಾರೆ.

ಇತಿ,
ಅವನ ತಂಗಿ


ಜೂನ್ ೨೯

ಪ್ರಿಯ ತಂಗಿ ಎನ್ನಲೇ? ಬೇಡವೆಂದರೆ ಬಿಡುತ್ತೇನೆ.

ಏಪ್ರಿಲ್‌ನಲ್ಲಿ ಬರೆದ ಮಾತುಗಳಿಗೆ ನಾಚಿಕೆಯಾಗಿದೆ. ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಡಬ್ಬಿ ಬಂದ ದಿನ ಅಂಗಡಿಯಲ್ಲೇ ಬಿಚ್ಚಿದೆ. ಗಾಜಿನ ಮೇಲೆ ಬೂದಿ ಗಟ್ಟಿಯಾಗಿ ಕೂತಿತ್ತು. ಸಾಬೂನು ನೀರಿನಲ್ಲಿ ತೊಳೆಯಲು ಹೋಗಿ ಕೈ ಹಿಂದಕ್ಕೆ ತೆಗೆದೆ. ಆ ಬೂದಿಯಲ್ಲಿ ಯಾರು ಯಾರಿದ್ದಾರೋ. ಹಾಗೆಯೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಈಗ ಬರುವ ಗಿರಾಕಿಗಳ ಕನ್ನಡಕ ಒರೆಸುವಾಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ.

ನಿಮ್ಮ ಕಾಗದದ ವಿಷಯವನ್ನು ವಕೀಲಮ್ಮನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವರು ತಟ್ಟನೆ ಪೆನ್ನು ಕೆಳಗಿಟ್ಟು ಕೇಳಿದರು: "ಹೆಂಡ್ತಿ ಮಕ್ಕಳಿಲ್ಲ ಅಂದ್ರೆ ವಾರಸುದಾರರು ತಾಯಿ. ತಂಗಿಯ ಸಹಿ ಲೆಕ್ಕಕ್ಕಿಲ್ಲ. ಮಗ ಸತ್ತಿರೋದೇ ಆ ತಾಯಿಗೆ ಗೊತ್ತಿಲ್ಲ ಅಂದ್ಮೇಲೆ, ಅವರು ಸಹಿ ಹಾಕಿದ್ದಾದರೂ ಯಾವುದಕ್ಕೆ?"

ಅದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ. ತಿಳಿಯದೆ ಹಾಕಿದ ಸಹಿಯಾದರೆ ಆ ಕಾಗದ ನಿಲ್ಲುವುದಿಲ್ಲವಂತೆ. ಅಮ್ಮ ಒಬ್ಬ ಅಧಿಕಾರಿಯ ಮುಂದೆ ಹಾಗೆಂದು ಹೇಳಿದರೆ ಸಾಕಂತೆ.

ಇತಿ,
ಕನ್ನಡಕದಂಗಡಿಯವಳು


ಸೆಪ್ಟೆಂಬರ್ ೯

ಮೇಡಂ,

ಹೌದು, ನಾನೇ ಹಾಕಿಸಿದೆ. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿದೆ. ಪಿಂಚಣಿ ಕಾಗದ ಎಂದು ಹೇಳಿ, ಬೆರಳು ಹಿಡಿದು ಜಾಗ ತೋರಿಸಿದೆ. ಕಂಪನಿಯ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಕುರ್ಚಿ ತಂದುಕೊಟ್ಟು, ಬಹಳ ಮೆತ್ತಗೆ, "ಸಹಿ ಆಗ್ಲಿಲ್ಲ ಅಂದ್ರೆ ನಮ್ಮೋರು ಪದೇ ಪದೇ ಮನೆಗೆ ಬರಬೇಕಾಗುತ್ತೆ ಮೇಡಂ, ತಾಯಿಯವರ ಹತ್ರಾನೇ ಮಾತಾಡ್ಬೇಕಾಗುತ್ತೆ," ಎಂದಿದ್ದ.

ಈಗ ನಿಮ್ಮ ವಕೀಲಮ್ಮನಿಗಾಗಿ ನಾನು ಅಮ್ಮನನ್ನು ಕೂರಿಸಿಕೊಂಡು, ನಿನ್ನ ಮಗ ಸತ್ತು ಎಂಟು ತಿಂಗಳಾಯಿತು ಎನ್ನಬೇಕೇ? ಒಂದು ಸಾವು ನಿಮಗೆ ಸಾಲದೇ?

ಇನ್ನು ಬರೆಯಬೇಡಿ.


ಸೆಪ್ಟೆಂಬರ್ ೧೭

ತಂಗಿ,

ಬರೆಯಬೇಡಿ ಎಂದಿದ್ದೀರಿ. ಇದೊಂದನ್ನು ಬರೆದು ಸುಮ್ಮನಾಗುತ್ತೇನೆ.

ಅಮ್ಮನಿಗೆ ಹೇಳಬೇಡಿ. ವಕೀಲಮ್ಮನಿಗೂ ತಿಳಿಸಿದ್ದೇನೆ, ಆ ಮನೆಯ ಸುದ್ದಿಗೆ ಹೋಗುವುದು ಬೇಡವೆಂದು.

ವಿಚಾರಣೆ, ಹಕ್ಕು ಎಂದು ನಾನು ಇಷ್ಟು ಹಟ ಹಿಡಿದದ್ದಕ್ಕೆ ಕಾರಣ ಬೇರೆಯೇ ಇದೆ. ನಿಮ್ಮ ಅಣ್ಣ ರೈಲಿನಲ್ಲೇ ಹೊರಟಿದ್ದರು. ಬೇಡವೆಂದು ವಿಮಾನದ ಟಿಕೆಟ್ ತೆಗೆದವಳು ನಾನು. ಬೇಗ ಹೋದರೆ ಬೇಗ ಬರುತ್ತಾರೆ ಎಂಬ ಆಸೆ. ಅವರು ಮನೆಯಲ್ಲಿ ವರ್ಷಕ್ಕೆ ಇರುತ್ತಿದ್ದದ್ದೇ ನಾಲ್ಕು ತಿಂಗಳು, ಅದರಲ್ಲಿ ಎರಡು ದಿನ ರೈಲಿಗೆ ಕೊಡಲು ಮನಸ್ಸಾಗಲಿಲ್ಲ. ಯಾವುದೋ ಯಂತ್ರ ಕೆಟ್ಟಿತ್ತು, ಯಾರದೋ ತಪ್ಪಿತ್ತು ಎಂದು ಯಾರಾದರೂ ನನ್ನ ಮುಂದೆ ಗಟ್ಟಿಯಾಗಿ ಹೇಳಲಿ ಎಂದು ಕಾಯುತ್ತಿದ್ದೆ. ಅದು ನನ್ನ ಅಗತ್ಯ. ಅದಕ್ಕಾಗಿ ನಿಮ್ಮ ಅಮ್ಮ ಬೆಲೆ ತೆರಬೇಕಾಗಿಲ್ಲ.

ಆರೋಗ್ಯ ನೋಡಿಕೊಳ್ಳಿ.


ನವೆಂಬರ್ ೩೦

ಅತ್ತಿಗೆ,

ಅಮ್ಮನಿಗೆ ಹೇಳಿದೆ.

ಹೇಳಬೇಕೆಂದು ಕೂತು ಹೇಳಿದ್ದಲ್ಲ. ಈ ತಿಂಗಳ ಎಂಟರಂದು ಸಂಜೆ ಮತ್ತೆ ಆ ಗಾಳಿಯ ಸಂದೇಶ ಹಾಕಿದೆ. ಅಮ್ಮ ಕೇಳಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. ನಗಲಿಲ್ಲ.

"ಇದೇ ಕೆಮ್ಮು ಹಿಂದೇನೂ ಕೇಳಿದೀನಿ," ಎಂದರು. "ಇದೇ ಗಾಳಿ. ಹೌದೇನೇ, ಒಂದ್ಸಲ ಹೇಳಿದ್ದನ್ನೇ ಇಟ್ಕೊಂಡು ಮತ್ತೆ ಮತ್ತೆ ಕಳಿಸ್ತಿದಾನಾ? ನಾನು ಮಾತಾಡೋಕೆ ಜಾಗಾನೇ ಬಿಡಲ್ವಲ್ಲ. ಅವನಿಗೆ ನನ್ನ ಮೇಲೆ ಏನು ಕೋಪ?"

ನಾನು ಕಟ್ಟಿದ ಸುಳ್ಳು ಅಣ್ಣನನ್ನು ಕಲ್ಲು ಮನಸ್ಸಿನ ಮಗನನ್ನಾಗಿ ಮಾಡಿಬಿಟ್ಟಿತ್ತು ಅತ್ತಿಗೆ. ಅದನ್ನು ತಡೆದುಕೊಳ್ಳಲಾಗಲಿಲ್ಲ. ನೆಲದ ಮೇಲೆ ಅಮ್ಮನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟೆ. ನಿಮ್ಮ ವಿಷಯವನ್ನೂ.

ಅಮ್ಮ ಅಳಲಿಲ್ಲ. "ಯಾವತ್ತು?" ಎಂದರು. ದಿನಾಂಕ ಹೇಳಿದೆ. ಬೆರಳಲ್ಲಿ ತಿಂಗಳು ಎಣಿಸಿದರು.

"ಮೇ ತಿಂಗಳಲ್ಲಿ ಅವನ ಹುಟ್ಟಿದ ದಿನಕ್ಕೆ ಅಂತ ತಡಕಾಡ್ಕೊಂಡು ಸ್ವೆಟರ್ ಹೆಣೆದೆ. ಪಾರ್ಸಲ್ ಮಾಡ್ತೀನಿ ಅಂತ ತಗೊಂಡು ಹೋದ್ಯಲ್ಲ. ಅದೆಲ್ಲಿದೆ?"

"ಲ್ಯಾಬಿನ ಬೀರುವಿನಲ್ಲಿ."

ಅದಾದ ಮೇಲೆ ಎರಡು ದಿನ ಅಮ್ಮ ಮನೆಯ ಫೋನ್ ಹೊಡೆದುಕೊಂಡರೂ ಎತ್ತಲಿಲ್ಲ. ಮೂವತ್ತು ರಿಂಗು ಆಯಿತು, ನಾನೂ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾತ್ರೆ ಕೊಡಲು ಹೋದಾಗ ಕೇಳಿದರು: "ಬೀಳ್ತಿದೀವಿ ಅಂತ ಅವನಿಗೆ ಗೊತ್ತಾಗಿತ್ತಾ?"

"ನನಗೆ ಗೊತ್ತಿಲ್ಲಮ್ಮ."

"ಯಾರಿಗೆ ಗೊತ್ತು? ಯಾರನ್ನ ಕೇಳ್ಬೇಕು?"

ವಿಚಾರಣೆ ಇದೆ, ಮನೆಯವರು ಕೇಳಬಹುದು ಎಂದೆ. "ಮತ್ತೆ ಕೇಳು," ಎಂದರು. ಆ ಹಕ್ಕನ್ನು ನಿನ್ನ ಕೈಯಿಂದಲೇ ಬರೆಸಿಕೊಟ್ಟುಬಿಟ್ಟೆ, ಅದು ಪಿಂಚಣಿ ಕಾಗದವಾಗಿರಲಿಲ್ಲ ಎಂದೆ. ಅಮ್ಮ ಮಾತ್ರೆ ನುಂಗಿ, ನೀರು ಕುಡಿದು, ಲೋಟ ಕೈಗಿತ್ತು, "ಆ ವಕೀಲಮ್ಮನ್ನ ಕರೆಸು," ಎಂದರು.

ಮೊನ್ನೆ ಅಧಿಕಾರಿ ಮನೆಗೇ ಬಂದು ಹೇಳಿಕೆ ಬರೆದುಕೊಂಡರು. ಅಮ್ಮ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿ ಕೇಳಿದರು. ಮೋಸದಿಂದ ಸಹಿ ಪಡೆದದ್ದಕ್ಕೆ ನನ್ನ ಮೇಲೂ ದೂರು ಬರೆಯಬಹುದು ಎಂದು ಆತ ಹೇಳಿದಾಗ, "ಹಾಗೇನಾದ್ರೂ ಬರೆದ್ರೆ ಈ ಕಾಗದಕ್ಕೆ ನನ್ನ ಸಹಿ ಇಲ್ಲ. ಈಗ ಸಹಿ ಅಂದ್ರೇನು ಅಂತ ನನಗೆ ಗೊತ್ತಾಗಿದೆ," ಎಂದರು. ಆತ ಬರೆಯಲಿಲ್ಲ. ಹಳೆಯ ಕಾಗದ ರದ್ದಾಗುವ ತನಕವೂ ಅಮ್ಮ ವಿಚಾರಣೆಯಲ್ಲಿ ಪ್ರಶ್ನೆ ಕೇಳಬಹುದಂತೆ. ಚೆಕ್ಕನ್ನು ವಕೀಲಮ್ಮನ ಮೂಲಕ ಹಿಂದಿರುಗಿಸಿದ್ದೇನೆ.

ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗದು. ನನ್ನನ್ನು ಕಳಿಸುತ್ತಾರೆ ಎಂದುಕೊಂಡಿದ್ದೆ. ಪ್ರತಿನಿಧಿಯ ಅರ್ಜಿ ತುಂಬುವಾಗ ನಿಮ್ಮ ಹೆಸರು ಹೇಳಿದರು. ಸಂಬಂಧ ಏನೆಂದು ಬರೆಯಲಿ ಎಂದೆ.

"ಸೊಸೆ ಅಂತ ಬರಿ."

"ಅಮ್ಮಾ, ಕಾನೂನಿನಲ್ಲಿ..."

"ನಾನು ಕಾನೂನಿಗೆ ಹೇಳ್ಲಿಲ್ಲ, ನಿನಗೆ ಹೇಳ್ದೆ. ಬರಿ."

ಬರೆದಿದ್ದೇನೆ. ಪ್ರತಿನಿಧಿ ಯಾರಾದರೂ ಆಗಬಹುದು, ತೊಂದರೆಯಿಲ್ಲ ಎಂದು ಅಧಿಕಾರಿ ಮುದ್ರೆ ಒತ್ತಿದರು.

ಒಂದು ಮಾತು ಉಳಿದಿದೆ. ನೀವು ಟಿಕೆಟ್ ತೆಗೆದಿರಿ ಎಂದು ಬರೆದದ್ದನ್ನು ಲ್ಯಾಬಿನ ಬಚ್ಚಲಿನಲ್ಲಿ ನಿಂತು ಓದಿದೆ. ಅಣ್ಣನನ್ನು ಅವಸರಪಡಿಸಿದವಳು ನಾನು. "ಡಾಕ್ಟ್ರು ಕೈಚೆಲ್ಲಿದಾರೆ, ತಕ್ಷಣ ಹೊರಡು," ಎಂದು ಫೋನಿನಲ್ಲಿ ಹೇಳಿದ್ದೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದೂ ಇದ್ದೂ ಸಾಕಾಗಿತ್ತು, ಅಷ್ಟೆ. ಇದನ್ನೂ ಅಮ್ಮನಿಗೆ ಹೇಳಿದ್ದೇನೆ.

ಇತಿ,
ನಿಮ್ಮ ನಾದಿನಿ


ಫೆಬ್ರವರಿ ೧೨

ತಂಗಿ,

ಇನ್ನು ನೀವು ತಾವು ಬೇಡ. ನೀನು ಎನ್ನುತ್ತೇನೆ.

ವಿಚಾರಣೆ ನಿನ್ನೆ ಮುಗಿಯಿತು. ದೊಡ್ಡ ಸಭಾಂಗಣ, ಮಡಚುವ ಕುರ್ಚಿಗಳು, ಮುಂದಿನ ನಾಲ್ಕು ಸಾಲು ಮನೆಯವರಿಗೆ. ಬಾಗಿಲಲ್ಲಿ ನನ್ನ ಪತ್ರ ನೋಡಿ ಎರಡನೇ ಸಾಲಿನಲ್ಲಿ ಕೂರಿಸಿದರು. ಕುರ್ಚಿಯ ಮೇಲೆ ನಿನ್ನ ಅಣ್ಣನ ಹೆಸರಿನ ಚೀಟಿ ಅಂಟಿಸಿತ್ತು. ಅದರ ಮೇಲೆ ಕೂರಲಾಗದೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೂತೆ.

ವಿಮಾನದ ಬಾಲವನ್ನು ಏರಿಸಿ ಇಳಿಸುವ ಒಂದು ತಿರುಪು ಸವೆದಿತ್ತು. ಮೂವರು ಮೆಕ್ಯಾನಿಕ್‌ಗಳು ಮೂರು ಸಲ ಬರೆದಿಟ್ಟಿದ್ದರು. ಮೂರು ಸಲವೂ ಮೇಲಿನವರು "ಮುಂದಿನ ಸರ್ವೀಸಿಗೆ" ಎಂದು ಸಹಿ ಮಾಡಿದ್ದರು. ಕಂಪನಿಯ ವಕೀಲರು ಇದನ್ನು ಒಪ್ಪಿಕೊಳ್ಳುವಾಗ ಎದ್ದು ನಿಲ್ಲಲಿಲ್ಲ. ಅಮ್ಮನ ಹಳೆಯ ಕಾಗದವೂ ರದ್ದಾಗಿದೆ. ದಾವೆ ನಡೆಯುತ್ತದೆ, ಎಷ್ಟು ವರ್ಷವೋ. ವರದಿಯ ನಿಮ್ಮ ಪ್ರತಿ ನನ್ನ ಹತ್ತಿರವಿದೆ.

ಕಾಯುತ್ತಿದ್ದ ಮಾತನ್ನು ಗಟ್ಟಿಯಾಗಿ ಹೇಳಿದ್ದನ್ನು ಕೇಳಿಸಿಕೊಂಡೆ. ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಪ್ರಶ್ನೆ ಕೇಳುವ ಸರದಿ ಬಂದಾಗ ಎದ್ದು ನಿಂತು ಅಮ್ಮನ ಪ್ರಶ್ನೆ ಕೇಳಿದೆ. ತನಿಖೆಯ ಮುಖ್ಯಸ್ಥರು ವಯಸ್ಸಾದವರು. ಕಾಗದ ನೋಡದೆ ನನ್ನ ಮುಖ ನೋಡಿ ಉತ್ತರ ಕೊಟ್ಟರು. ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ವಿಮಾನದ ರೇಡಿಯೊ ಸಂಪರ್ಕ ಕಡಿದುಹೋಯಿತು. ಎಲ್ಲರೂ ಅದನ್ನೇ ಬಿದ್ದ ಸಮಯ ಎಂದುಕೊಂಡಿದ್ದರು, ಪತ್ರಿಕೆಗಳಲ್ಲೂ ಹಾಗೆಯೇ ಬಂದಿತ್ತು. ಆದರೆ ಪೈಲಟ್‌ಗಳು ಇನ್ನೂ ಹನ್ನೊಂದು ನಿಮಿಷ ಹೋರಾಡಿ, ತಗ್ಗಿನಲ್ಲಿ ಹಾರಿಸಿಕೊಂಡು ಬಂದಿದ್ದರು. ಪ್ರಯಾಣಿಕರಿಗೆ ವಿಷಯ ತಿಳಿಸಿದ್ದರು. ಹೌದು, ಗೊತ್ತಾಗಿತ್ತು. ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷದವರೆಗೆ.

ನಾನು ನಿಂತೇ ಇದ್ದೆ. ಅವರು, "ಇನ್ನೇನಾದ್ರೂ ಕೇಳ್ಬೇಕಾ ಅಮ್ಮಾ?" ಎಂದರು.

ತಂಗಿ, ಯಾರಿಗೂ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅವತ್ತು ಉಜ್ಜುವ ಯಂತ್ರ ನಿಲ್ಲಿಸಿ ಫೋನ್ ನೋಡಿದಾಗ ನಿನ್ನ ಅಣ್ಣನ ಒಂದು ಕರೆ ಬಂದು ಹೋಗಿತ್ತು. ನಾಲ್ಕು ಹದಿನೇಳಕ್ಕೆ. ಪತ್ರಿಕೆಯ ಪ್ರಕಾರ ಅವರು ಸತ್ತು ಆರು ನಿಮಿಷವಾದ ಮೇಲೆ. ಒಂದು ವರ್ಷ ನಾನು ಅದನ್ನು ಸತ್ತವರು ಮಾಡಿದ ಕರೆ ಎಂದೇ ಹೊತ್ತುಕೊಂಡು ತಿರುಗಿದೆ. ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆಂದು ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿ ಯಂತ್ರದ ಸದ್ದಿನೊಳಗೆ ಪ್ರತಿದಿನ ಆ ರಿಂಗು ಕೇಳುತ್ತಿತ್ತು. ನಿಲ್ಲಿಸಿ ನೋಡಿದರೆ ಏನೂ ಇರುತ್ತಿರಲಿಲ್ಲ.

ಅವರು ಬದುಕಿದ್ದರು. ಬದುಕಿದ್ದೇ ಫೋನ್ ಮಾಡಿದ್ದರು. ನಾನು ಯಾರದೋ ಕನ್ನಡಕದ ಗಾಜು ಉಜ್ಜುತ್ತಿದ್ದೆ.

ಇನ್ನೇನೂ ಕೇಳುವುದಿಲ್ಲ ಎಂದು ಹೇಳಿ ಕೂತೆ.

ಇದನ್ನು ಅಮ್ಮನಿಗೆ ನೀನು ಓದಿ ಹೇಳಬೇಡ. ಇಂಥದ್ದನ್ನೆಲ್ಲ ಒಬ್ಬಳೇ ಹೇಳಿದ್ದು ಸಾಕು. ಮಂಗಳವಾರ ಬೆಳಿಗ್ಗೆಯ ರೈಲಿಗೆ ಹೊರಟು ಗುರುವಾರ ನಿಮ್ಮ ಮನೆಯಲ್ಲಿರುತ್ತೇನೆ. ಅಷ್ಟರೊಳಗೆ ಅಮ್ಮ ಕೇಳಿದರೆ ಸುಳ್ಳು ಮಾತ್ರ ಹೇಳಬೇಡ. "ಅವಳು ಬರ್ತಿದಾಳೆ, ಅವಳನ್ನೇ ಕೇಳು," ಎನ್ನು.

ಇತಿ,
ನಿನ್ನ ಅತ್ತಿಗೆ